ಹಲಸಿನ ಹಣ್ಣಿನ ಸಾಕ್ಷಿ

ಹಲಸಿನ ತೊಳೆಯನ್ನು ಗುಟ್ಟಾಗಿ ಮನೆಗೆ ತರುವುದು ಸಾಧ್ಯವಿಲ್ಲ. ಇದನ್ನು ನಾನು ಹಲವು ಸಲ ಪ್ರಯೋಗ ಮಾಡಿಯೇ ಕಂಡುಕೊಂಡಿದ್ದೇನೆ. ನಾಗಸಂದ್ರ ಮೆಟ್ರೊ ನಿಲ್ದಾಣದ ಮೆಟ್ಟಿಲ ಬುಡದಲ್ಲಿ ಗಾಡಿಯವನೊಬ್ಬ ಬಿಡಿಸಿದ ತೊಳೆಗಳನ್ನು ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಜೋಡಿಸಿಟ್ಟು ಮಾರುತ್ತಾನೆ. ಡಬ್ಬಿಯನ್ನು ಎರಡು ಕವರಿನಲ್ಲಿ ಸುತ್ತಿ, ಚೀಲದ ತಳಕ್ಕೆ ತುರುಕಿ, ಅದರ ಮೇಲೆ ನಮ್ಮ ಕಾಲೇಜಿನ ಹುಡುಗರ ಉತ್ತರಪತ್ರಿಕೆಗಳನ್ನು ಹೇರಿ ತಂದರೂ ಅಷ್ಟೆ. ನಾನು ಗೇಟು ತೆಗೆಯುವಷ್ಟರಲ್ಲಿ ವಾಸನೆ ನನಗಿಂತ ಮೊದಲು ಒಳಗೆ ಹೋಗಿ ಸೋಫಾದ ಮೇಲೆ ಕಾಲು ಚಾಚಿ ಕೂತಿರುತ್ತದೆ. ಆ ವಾರ ಮನಃಶಾಸ್ತ್ರದ ಉತ್ತರಪತ್ರಿಕೆ ಹಿಂತಿರುಗಿ ಪಡೆದ ಹುಡುಗರು ಅದನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಾರೆ. ಅಂಕಗಳ ಬಗ್ಗೆ ಮಾತ್ರ ಯಾರೂ ತಕರಾರು ತೆಗೆಯುವುದಿಲ್ಲ.

"ಅಯ್ಯೋ, ಯಾಕ್ರೀ ತಂದ್ರಿ ಇದನ್ನ?" ಎಂದು ನನ್ನ ಹೆಂಡತಿ ಮೇರಿ ಅಡುಗೆಮನೆಯಿಂದ ಪಿಸುಗುಟ್ಟುತ್ತಾಳೆ. "ಅಮ್ಮಂಗೆ ವಾಸ್ನೆ ಹೋದ್ರೆ ಮುಗೀತು. ಶುರುವಾಗ್ಬಿಡುತ್ತೆ."

ಶುರುವಾಗುವುದು ಅಮ್ಮನ ಸಾಕ್ಷಿ.

ನಮ್ಮ ಕೂಟಗಳಿಗೆ ಬಂದು ಅಭ್ಯಾಸವಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಇದು ಕೋರ್ಟಿನ ಸಾಕ್ಷಿಯಲ್ಲ. ನಾವು ಕೆಲವು ಕ್ರೈಸ್ತ ಕುಟುಂಬಗಳವರು ಬುಧವಾರ ಸಂಜೆ ಒಂದು ಮನೆಯಲ್ಲಿ, ಈಗೀಗ ನಮ್ಮ ಮನೆಯಲ್ಲೇ, ಸೇರಿ ಹಾಡಿ, ಪ್ರಾರ್ಥನೆ ಮಾಡಿ, ಉಪ್ಪಿಟ್ಟು ತಿಂದು ಹೋಗುತ್ತೇವೆ. ಹಾಡಿಗೂ ಉಪ್ಪಿಟ್ಟಿಗೂ ನಡುವೆ ಪಾಸ್ಟರು, "ಯಾರಿಗಾದ್ರೂ ಸಾಕ್ಷಿ ಇದೆಯಾ?" ಎಂದು ಕೇಳುತ್ತಾರೆ. ಇದ್ದವರು ಎದ್ದು ನಿಂತು ದೇವರು ತಮಗೆ ಮಾಡಿದ ಉಪಕಾರವನ್ನು ಹೇಳಬೇಕು. ಕಷ್ಟದಲ್ಲಿರುವವರು ಅದನ್ನು ಕೇಳಿ ಧೈರ್ಯ ತಂದುಕೊಳ್ಳಬೇಕು. ಉಪಕಾರಗಳು ಸಮುದ್ರ ಇಬ್ಭಾಗವಾದಂಥ ದೊಡ್ಡವೇನಲ್ಲ. ಸುಟ್ಟುಹೋಗಿದೆ ಅಂದುಕೊಂಡಿದ್ದ ಮೋಟರು ಮತ್ತೆ ನೀರೆತ್ತಿದ್ದು, ಮಗ ಕೊನೆಗೂ ಗಣಿತ ಪಾಸು ಮಾಡಿಕೊಂಡದ್ದು, ಅತ್ತೆ ಒಂದು ವಾರ ಪೂರ್ತಿ ಮಗಳ ಮನೆಗೆ ಹೋಗಿದ್ದದ್ದು, ಇಂಥವು. ಒಮ್ಮೆ ವಾಲ್ವ್ ಫ್ಯಾಕ್ಟರಿಯ ಸೂಪರ್‌ವೈಸರೊಬ್ಬರು, ಜಾಲಹಳ್ಳಿ ಕ್ರಾಸಿನಿಂದ ಮಾಕಳಿಯವರೆಗೆ ಒಂದೇ ಒಂದು ಕಡೆಯೂ ಬ್ರೇಕ್ ಹಿಡಿಯದೆ ಬಂದೆ ಎಂದು ಗದ್ಗದಿತರಾಗಿ ಸಾಕ್ಷಿ ಹೇಳಿದರು. ನಾನು ಸಂದೇಹದ ಪ್ರಾಣಿ. ಆದರೂ ಅದನ್ನು ಪವಾಡವೆಂದು ಒಪ್ಪಿದ್ದೇನೆ.

ಸಾಕ್ಷಿಗೆ ಒಂದು ನಿಯಮವಿದೆ. ಅವರವರ ಸಾಕ್ಷಿಯನ್ನು ಅವರವರೇ ಹೇಳಬೇಕು. ಇನ್ನೊಬ್ಬರದನ್ನು ಎತ್ತಿಕೊಂಡು ಹೇಳುವಂತಿಲ್ಲ. ನಡುವೆ ಬಾಯಿ ಹಾಕಿ ತಿದ್ದುವಂತೆಯೂ ಇಲ್ಲ. "ಆಮೆನ್" ಅನ್ನಬಹುದು, ಅಷ್ಟೆ. ಈ ಎರಡನೆಯ ಭಾಗ ನನ್ನ ಪಾಲಿಗೆ ಬಹಳ ಕಷ್ಟದ್ದಾಗಿತ್ತು.

ಅಮ್ಮನ ಸಾಕ್ಷಿ ಹೀಗೆ. ನಾನು ಚಿಕ್ಕವನಿದ್ದಾಗ ನಾವು ಪೀಣ್ಯದ ಒಂದು ವಠಾರದಲ್ಲಿ, ಶೀಟು ಹೊದಿಸಿದ ಮನೆಯಲ್ಲಿದ್ದೆವು. ಅಪ್ಪನಿಗೆ ಎರಕ ಹೊಯ್ಯುವ ಫೌಂಡ್ರಿಯಲ್ಲಿ ಮರಳಿನ ಅಚ್ಚು ಹಾಕುವ ಕೆಲಸ. ಸಂಜೆ ಬಂದು ಬಾಗಿಲಲ್ಲಿ ತಲೆ ಕೊಡವಿದರೆ ಕರೀ ಮರಳು ಉದುರುತ್ತಿತ್ತು. "ಕೂಡಿಟ್ಟಿದ್ರೆ ಇಷ್ಟೊತ್ತಿಗೆ ಒಂದು ಮನೆ ಕಟ್ಬೋದಿತ್ತು" ಎಂದು ಅಮ್ಮ ಗುಡಿಸಿ ಹಾಕುತ್ತಿದ್ದಳು. ಒಂದು ಬೇಸಿಗೆಯಲ್ಲಿ ಫೌಂಡ್ರಿಗೆ ಬೀಗ ಬಿತ್ತು. ಮನೆಯಲ್ಲಿ ಡಬ್ಬಿಗಳು ಒಂದೊಂದಾಗಿ ಬರಿದಾದವು. ಕೊನೆಗೊಂದು ದಿನ ಅಮ್ಮ ಬರೀ ನೀರನ್ನು ಪಾತ್ರೆಗೆ ಹಾಕಿ, ಸ್ಟೌವ್ ಹಚ್ಚಿ, ಪಕ್ಕದಲ್ಲೇ ಮೊಣಕಾಲೂರಿದಳು. "ಕರ್ತನೇ, ಈ ನೀರು ಕುದಿಯೋದ್ರೊಳಗೆ ಏನಾದ್ರೂ ಕಳಿಸು. ಸೀಮೆಎಣ್ಣೆ ಜಾಸ್ತಿ ಇಲ್ಲ." ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಬಿಳೀ ಬಟ್ಟೆಯ ಒಬ್ಬ ಮನುಷ್ಯ, ಸೈಕಲ್ಲು, ಅದರ ಕ್ಯಾರಿಯರ್ ಮೇಲೆ ದೊಡ್ಡದೊಂದು ಹಲಸಿನ ಹಣ್ಣು. ಅವನು ಹಣ್ಣನ್ನು ಹೊಸಿಲಲ್ಲಿ ಇಳಿಸಿ, "ನಿಮಗೇ" ಎಂದು ಹೊರಟೇಹೋದ. ಅಮ್ಮ ಬೀದಿಗೆ ಓಡಿಬಂದು ನೋಡಿದರೆ ಸೈಕಲ್ಲೂ ಇಲ್ಲ, ಸವಾರನೂ ಇಲ್ಲ.

ಹಣ್ಣು ಬಂದದ್ದಂತೂ ನಿಜ. ವಠಾರದವರೆಲ್ಲ ತಿಂದರು. ನಮ್ಮ ಮನೆಯಲ್ಲಿ ಬೀಜದ ಸಾರು, ಬೀಜದ ಪಲ್ಯ, ಕೆಂಡದಲ್ಲಿ ಸುಟ್ಟ ಬೀಜ ಎಂದು ಆ ಹಣ್ಣು ಎಷ್ಟೋ ದಿನ ಸಂಸಾರ ಮಾಡಿತು. ಅಂಟು ನನ್ನ ತಲೆಗೂದಲಿಗೆ ಮೆತ್ತಿ, ಕೊಬ್ಬರಿ ಎಣ್ಣೆಗೂ ಜಗ್ಗದೆ, ಅಪ್ಪ ಕತ್ತರಿ ಹಿಡಿಯಬೇಕಾಯಿತು. ಆ ಕಾಲದ ಒಂದು ಫೋಟೊದಲ್ಲಿ ನನ್ನ ತಲೆ ಇಲಿ ಕಡಿದ ಹಾಗಿದೆ. ಇದು ಇಡೀ ಪ್ರಕರಣದಲ್ಲಿ ದಾಖಲೆಯಿರುವ ಒಂದೇ ಅಂಶ.

ತಕರಾರು ಇರುವುದು ಉಳಿದದ್ದರಲ್ಲಿ. ನಾನು ಪ್ರೈಮರಿಯಲ್ಲಿದ್ದಾಗ ಆ ಹಣ್ಣು ಮಡಿಲಲ್ಲಿ ಇಟ್ಟುಕೊಳ್ಳುವಷ್ಟಿತ್ತು. ಹೈಸ್ಕೂಲಿಗೆ ಬರುವಷ್ಟರಲ್ಲಿ ಇಬ್ಬರು ಹಿಡಿದು ಎತ್ತಬೇಕಾಯಿತು. ನನ್ನ ಮದುವೆಯ ಹೊತ್ತಿಗೆ ಬಾಗಿಲಲ್ಲಿ ತೂರದೆ ಅಂಗಳದಲ್ಲೇ ಕೊಯ್ಯುವ ಹಾಗಾಯಿತು. ಸೈಕಲ್ ಮಾತ್ರ ಅದೇ ಸೈಕಲ್. ಈಗೀಗ ನಮ್ಮ ಮನೆಗೆ ಮೊಬೈಲಿನಲ್ಲಿ ತರಿಸಿದ ಸಾಮಾನು ತಂದುಕೊಡುವವರು ಅಮ್ಮನ ಕೈಗೆ ಸಿಕ್ಕಿಬೀಳುತ್ತಾರೆ. "ಕೂತ್ಕೋಪ್ಪಾ. ನಿನ್ ತರಾನೇ ಒಬ್ರು ಬಂದಿದ್ರು ನಮ್ಮನೇಗೆ." ಪಾಪ, ಒಬ್ಬ ಹುಡುಗ ಹೆಲ್ಮೆಟ್ಟನ್ನೂ ತೆಗೆಯದೆ ಪೂರ್ತಿ ಕೇಳಿಸಿಕೊಂಡು, "ಅಜ್ಜಿ, ಆ ಅಣ್ಣ ಓಟಿಪಿ ಕೇಳ್ಲಿಲ್ವಾ?" ಎಂದು ಕೇಳಿದ. ಅಮ್ಮ ಅವನ ಹೆಲ್ಮೆಟ್ಟಿನ ಮೇಲೆಯೇ ಕೈಯಿಟ್ಟು ಪ್ರಾರ್ಥನೆ ಮಾಡಿ ಕಳಿಸಿದಳು.

ನಾನು ಯೂನಿವರ್ಸಿಟಿಗೆ ಹೋಗಿ ಮನಃಶಾಸ್ತ್ರ ಓದಿದೆ. ಅಲ್ಲಿ ಒಬ್ಬ ಮೇಷ್ಟ್ರು, ನೆನಪು ಎನ್ನುವುದು ಬೀರುವಿನಲ್ಲಿಟ್ಟ ಸೀರೆಯಲ್ಲ, ತೆಗೆದಾಗಲೆಲ್ಲ ಹೊಸದಾಗಿ ನೇಯುವ ಬಟ್ಟೆ ಎಂದು ಪಾಠ ಹೇಳಿದರು. ನನಗೆ ಪ್ರಪಂಚದ ಕೀಲಿಕೈ ಸಿಕ್ಕಿದಂತಾಯಿತು. ಅದೇ ಶನಿವಾರ ಮನೆಗೆ ಬಂದು ಅಮ್ಮನಿಗೆ ವಿವರಿಸಿದೆ. ಅವಳು ಅಕ್ಕಿ ಆರಿಸುತ್ತಾ ಕೇಳಿ, "ಹಂಗಾದ್ರೆ ನಿನ್ನ ಹೊತ್ತಿದ್ದು ಹೆತ್ತಿದ್ದೂ ನಾನು ಆಮೇಲೆ ನೇಯ್ದಿದ್ದಾ?" ಎಂದಳು. ಆ ಪ್ರಶ್ನೆಯನ್ನು ನಾನು ಮೇಷ್ಟ್ರಿಗೆ ಕೇಳಲಿಲ್ಲ.

ನನಗೆ ನನ್ನದೇ ನೆನಪಿತ್ತು, ಅದರ ಮೇಲೆ ಅಪಾರ ವಿಶ್ವಾಸವೂ ಇತ್ತು. ಹಳದಿ ಬಣ್ಣದ ಲಾರಿಯೊಂದು ನಮ್ಮ ಮನೆಯ ಮುಂದೆ ಕೆಟ್ಟು ನಿಂತಿತು. ಖಾಕಿ ಅಂಗಿಯ ಕ್ಲೀನರ್ ನೀರು ಕೇಳಿಕೊಂಡು ಬಂದ. ಅಮ್ಮ ಬಿಂದಿಗೆಯಿಂದ ಬಗ್ಗಿಸಿ ಕೊಟ್ಟಳು. ಅವನು ಲಾರಿಯಿಂದ ಒಂದು ಹಣ್ಣನ್ನು ಉರುಳಿಸಿ ಹೋದ. ಅವನ ಅಂಗಿಗೆ ಒಂದು ಗುಂಡಿ ಇರಲಿಲ್ಲ ಎನ್ನುವುದೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಇದನ್ನು ದೃಢಪಡಿಸಿಕೊಳ್ಳಲು ಬ್ರೂಕ್‌ಫೀಲ್ಡಿನಲ್ಲಿರುವ ನನ್ನ ಅಕ್ಕ ಸರೋಜಳಿಗೆ ಫೋನ್ ಮಾಡಿದೆ. ಅವಳಿಗೆ ಎಲ್ಲವೂ ನೆನಪಿರುತ್ತದೆ. ಮುಖ್ಯವಾಗಿ ಬೇರೆಯವರು ಮರೆಯಲು ಬಯಸುವುದೆಲ್ಲ.

"ಲಾರಿನಾ?" ಎಂದು ಅವಳು ನಕ್ಕಳು. "ಆ ಗಲ್ಲೀಗೆ ಆಟೋನೇ ರಿವರ್ಸಲ್ಲಿ ಬರ್ಬೇಕಿತ್ತು ಕಣೋ. ಹಣ್ಣು ತಂದಿದ್ದು ಅಪ್ಪ. ಹೆಗಲ ಮೇಲೆ ಹೊತ್ಕೊಂಡು ಬಂದ್ರು. ಯಾವ್ದೋ ತೋಟದಲ್ಲಿ ಕೂಲಿ ಮಾಡಿದ್ರಂತೆ. ನಿನಗೆ ಆವಾಗ ಚಡ್ಡಿ ಹಾಕ್ಕೊಳ್ಳೋಕೇ ಬರ್ತಿರ್ಲಿಲ್ಲ. ಗುಂಡಿ ನೋಡಿದ್ನಂತೆ ಗುಂಡಿ."

ಅಕ್ಕನ ಕಥೆಯನ್ನು ಅಮ್ಮನ ಮುಂದಿಟ್ಟೆ. "ನಿಮ್ಮಪ್ಪ ನಿಂಬೆಹಣ್ಣು ತರೋಕ್ ಹೇಳಿದ್ರೇ ಮರೆತು ಬರೋರು" ಎಂದು ಅದನ್ನೂ ತಳ್ಳಿಹಾಕಿದಳು. ಹೀಗೆ ಒಂದು ಹಲಸಿನ ಹಣ್ಣಿಗೆ ಮೂರು ವಾರಸುದಾರರಾದರು. ಅಪ್ಪನನ್ನು ಕೇಳೋಣವೆಂದರೆ ಅವರು ಅಷ್ಟರಲ್ಲಿ ಕರ್ತನ ಬಳಿಗೆ ಹೋಗಿಯಾಗಿತ್ತು. ಅಲ್ಲಿ ನಿಜ ಸಂಗತಿ ಅವರಿಗೆ ತಿಳಿದಿರುತ್ತದೆ ಎಂದು ಅಮ್ಮ ಸಮಾಧಾನ ಹೇಳುತ್ತಾಳೆ. ನನಗೆ ಅದರಿಂದ ಏನು ಉಪಯೋಗ ಹೇಳಿ.

ಈಗ ಈರಣ್ಣನ ವಿಷಯಕ್ಕೆ ಬರುತ್ತೇನೆ. ಇದನ್ನು ಮೊದಲೇ ಹೇಳಬೇಕಾಗಿತ್ತೇನೋ.

ನಮ್ಮ ಮನೆಯ ತಾರಸಿಯ ಮೇಲೆ ಒಂದು ಕೋಣೆಯಿದೆ. ಅಲ್ಲಿ ಕೊಪ್ಪಳದ ಕಡೆಯ ಗಂಡಹೆಂಡಿರು ಬಾಡಿಗೆಗಿದ್ದಾರೆ, ಈರಣ್ಣ ಮತ್ತು ರೇಣುಕಾ. ಅವರು ನಮ್ಮ ಸಭೆಯವರಲ್ಲ. ಅವಳು ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಅವನು ಒಂದು ಶೆಡ್ಡಿನಲ್ಲಿ ತಗಡು ಒತ್ತುವ ಪ್ರೆಸ್ ಮೆಷಿನ್ ಓಡಿಸುತ್ತಿದ್ದ. ಕೆಲವು ತಿಂಗಳ ಹಿಂದೆ ಆ ಮೆಷಿನ್ನು ಅವನ ಬಲಗೈಯಲ್ಲಿ ಹೆಬ್ಬೆರಳನ್ನೂ ಕಿರುಬೆರಳನ್ನೂ ಬಿಟ್ಟು ಉಳಿದವನ್ನೆಲ್ಲ ತೆಗೆದುಕೊಂಡಿತು. ಗಾಯ ಮಾಯಿತು, ಅವನು ಮಾತ್ರ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಮೊದಲೆಲ್ಲ ಮೆಟ್ಟಿಲಿಳಿಯುವಾಗ ಶಿಳ್ಳೆ ಹಾಕುತ್ತಿದ್ದವನು.

"ಯಾರ ಮುಂದನೂ ಉಣ್ಣಂಗಿಲ್ರಿ ಸರ," ಎಂದು ರೇಣುಕಾ ಒಂದು ಸಂಜೆ ನಲ್ಲಿಯ ಹತ್ತಿರ ನಿಂತು ಹೇಳಿದಳು. "ಎಡಗೈಲೆ ಉಣ್ಣೂದು ಯಾರರ ನೋಡಿದ್ರ ನಾಚಿಕಿ ಅಂತಾರ. ನಾ ಕೆಲಸಕ್ಕ ಹೋದ್ರ ದಿನಾನೂ ಗ್ವಾಡಿ ನೋಡ್ಕೊಂತ ಕುಂದ್ರತಾರ. ಮನ್ನೆ, ನಾ ಇದ್ದರೆಷ್ಟು ಸತ್ತರೆಷ್ಟು ಅಂದ್ರು. ನನಗ ಮೆಷಿನ್ ಮುಂದ ಕುಂತ್ರೂ ಜೀವ ಮನ್ಯಾಗ ಇರ್ತೈತ್ರಿ. ಒಂದ ಸಲ ಈ ಮೆಟ್ಲ ಇಳಿದು ಮಂದಿ ನಡುವ ಬಂದ್ರ ಸಾಕ್ರಿ."

ನಾನು ವಿಷಯವನ್ನು ಓದಿದವನು. ಮರುದಿನವೇ ಮೇಲೆ ಹತ್ತಿಹೋಗಿ, ಆಘಾತ, ಅದರ ಹಂತಗಳು, ಮನಸ್ಸು ಚೇತರಿಸಿಕೊಳ್ಳುವ ರೀತಿ, ಡಾಕ್ಟರನ್ನು ಕಾಣುವುದರ ಪ್ರಯೋಜನ ಎಲ್ಲವನ್ನೂ ಅವನಿಗೆ ತಿಳಿಯುವಂತೆ ವಿವರಿಸಿದೆ. ನಮ್ಮ ಕಾಲೇಜಿನಲ್ಲೂ ನಾನು ಅಷ್ಟು ಚೆನ್ನಾಗಿ ಪಾಠ ಮಾಡಿದ್ದಿಲ್ಲ. ಗೋಡೆ ನೋಡುತ್ತಲೇ ಕೇಳಿದ ಈರಣ್ಣ ಕೊನೆಗೆ ಒಂದೇ ಮಾತು ಆಡಿದ: "ಫ್ಯಾನ್ ಹಾಕ್ಲೇನ್ರಿ ಸರ? ಭಾಳ ಬೆವತೀರಿ."

ಅಮ್ಮನದು ಬೇರೆ ದಾರಿ. ಮಂಡಿನೋವಿನಿಂದ ಅವಳು ಮೆಟ್ಟಿಲು ಹತ್ತಲಾರಳು. ಕೆಳಗೆ ನಿಂತು ದಿನವೂ ಬೆಳಿಗ್ಗೆ ಕೂಗು ಹಾಕತೊಡಗಿದಳು. "ಈರಣ್ಣಾ! ಬುಧವಾರ ಬಾಪ್ಪಾ. ನಿನಗೊಂದು ಸಾಕ್ಷಿ ಹೇಳ್ಬೇಕು." ಬುಧವಾರ ಕಳೆದರೆ ಗುರುವಾರದಿಂದ ಮತ್ತೆ ಶುರು. ಸುತ್ತಮುತ್ತಲಿನ ಮನೆಯವರು ಗಡಿಯಾರ ನೋಡುವುದನ್ನು ಬಿಟ್ಟರು.

ಆದರೆ ಅಷ್ಟರಲ್ಲಿ ಅಮ್ಮನಿಗೇ ಒಂದು ತೊಂದರೆ ಶುರುವಾಗಿತ್ತು. ಮರೆವು. ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ದೇವರಿಗೆ ಧನ್ಯವಾದ ಹೇಳುವಳು; ಊಟ ಮುಗಿದ ಮೇಲೆ ತಟ್ಟೆಯ ಮುಂದೆ ಕೂತು ಮತ್ತೆ ಅದೇ ಪ್ರಾರ್ಥನೆ ಮಾಡಿ, "ಬಡಿಸಮ್ಮ ಮೇರಿ" ಎನ್ನುವಳು. ಆಯ್ತಲ್ಲಮ್ಮ ಅಂದರೆ, "ಇನ್ನೊಂದ್ ಸಲ ಥ್ಯಾಂಕ್ಸ್ ಹೇಳಿದ್ರೆ ದೇವ್ರೇನು ಬೇಜಾರ್ ಮಾಡ್ಕೊಳಲ್ಲ ಬಿಡು" ಎಂದು ಪಾರಾಗುವಳು. ಒಂದೊಂದು ದಿನ ನನ್ನನ್ನು ಅಪ್ಪನೆಂದೇ ತಿಳಿದು, ತಲೆ ಕೊಡವಿ ಒಳಗೆ ಬನ್ನಿ ಎನ್ನುವಳು. ನನ್ನ ತಲೆಯಲ್ಲಿ ಕೊಡವಲು ಈಗ ಕೂದಲೂ ಇಲ್ಲ.

ಒಂದು ಬುಧವಾರ ಈರಣ್ಣ ಇಳಿದು ಬಂದೇಬಿಟ್ಟ. ಭಕ್ತಿಯಿಂದಲ್ಲ. "ಒಂದ ಸಲ ಹೋಗಿ ಕೇಳಿ ಬಂದ್ರ ಆ ಅಜ್ಜಿ ಬಾಯಿ ಮುಚ್ಚತಾಳ ಅಂತ ಹೇಳಿ ಕರ್ಕೊಂಡ ಬಂದೀನ್ರಿ," ಎಂದು ರೇಣುಕಾ ಮೇರಿಯ ಕಿವಿಯಲ್ಲಿ ಹೇಳಿದಳು. ಅವನು ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತ. ಬಲಗೈಗೆ ಟವೆಲು ಸುತ್ತಿತ್ತು. ಕಣ್ಣು ಚಪ್ಪಲಿಗಳ ಮೇಲೆಯೇ ಇತ್ತು, ಯಾವ ಕ್ಷಣದಲ್ಲಾದರೂ ಎದ್ದು ಹೋಗುವವನಂತೆ.

ಹಾಡು ಮುಗಿಯಿತು. ಪಾಸ್ಟರು ಸಾಕ್ಷಿ ಕೇಳುವುದಕ್ಕೂ ಬಿಡದೆ ಅಮ್ಮ ಟಿವಿ ಸ್ಟ್ಯಾಂಡ್ ಹಿಡಿದು ಎದ್ದಳು. ಕೂಟದವರೆಲ್ಲ ಆರಾಮವಾಗಿ ಒರಗಿಕೊಂಡರು, ಗೊತ್ತಿರುವ ದಾರಿ. ಫೌಂಡ್ರಿಗೆ ಬೀಗ ಬಿತ್ತು, ಆಮೆನ್. ಡಬ್ಬಿಗಳು ಬರಿದಾದವು, ಆಮೆನ್. ನೀರಿಟ್ಟಳು, ಮೊಣಕಾಲೂರಿದಳು. "ಬಾಗ್ಲು ಬಡಿದ್ರು," ಎಂದಳು ಅಮ್ಮ. ಅಲ್ಲಿಗೆ ನಿಂತಳು. "ಬಾಗ್ಲು ಬಡಿದ್ರು..." ಎಂದು ಇನ್ನೊಮ್ಮೆ ಹೇಳಿದಳು. ಬಾಗಿಲ ಆಚೆ ಯಾರಿದ್ದಾರೆಂದು ಅವಳಿಗೆ ಕಾಣಲಿಲ್ಲ. ನನ್ನ ಕಡೆ ತಿರುಗಿ, ಚಿಕ್ಕ ಮಗುವಿನ ದನಿಯಲ್ಲಿ, "ಯಾರೋ ಬಂದಿದ್ರು ಅಲ್ವೇನೋ?" ಎಂದಳು.

ಬಂದದ್ದು ಯಾರೆಂದು ಅಲ್ಲಿ ಎಲ್ಲರಿಗೂ ಗೊತ್ತು, ಆದರೆ ನಿಯಮ. ಈರಣ್ಣ ಕುರ್ಚಿಯಲ್ಲಿ ಅಲುಗಿದ. ರೇಣುಕಾ ಗಂಡನ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

ನಾನು ಎದ್ದೆ. ಆ ಕೂಟದಲ್ಲಿ ನಾನು ಉಪ್ಪಿಟ್ಟಿಗಲ್ಲದೆ ಬೇರೆ ಯಾವುದಕ್ಕೂ ಎದ್ದದ್ದು ಅದೇ ಮೊದಲು. ಬಾಯಿ ತೆರೆದ ಮೇಲೆ ಹೊಳೆಯಿತು, ನನ್ನ ಬಳಿ ಮೂರು ಕಥೆಗಳಿವೆ. ಲಾರಿಯ ಮೇಲೆ ನನಗೇ ನಂಬಿಕೆ ಹೋಗಿತ್ತು. ಅಪ್ಪನನ್ನು ಅಮ್ಮ ಒಪ್ಪುವುದಿಲ್ಲ. ಬಾಗಿಲಲ್ಲಿ ಚಪ್ಪಲಿ ಹುಡುಕುತ್ತ ಕೂತವನಿಗೆ ಧೈರ್ಯ ಬೇಕಾಗಿತ್ತು, ಅನುಮಾನವಲ್ಲ. "ಬಿಳೀ ಬಟ್ಟೆಯವನೊಬ್ಬ ಬಂದಿದ್ದ," ಎಂದೆ. ಯಾರೋ ಆಮೆನ್ ಅಂದರು. ಆ ಆಮೆನ್ ಬಹಳ ಅಪಾಯದ ವಸ್ತು. ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. "ಆ ಬಟ್ಟೆಯ ಬಿಳುಪಿಗೆ ಇಡೀ ವಠಾರ ಬೆಳಗಿತು," ಎಂದೆ. ಇನ್ನೊಂದು ಆಮೆನ್. "ಸೈಕಲ್ಲಿನ ಚಕ್ರ ನೆಲಕ್ಕೆ ತಾಗಿರಲಿಲ್ಲ..."

"ಏಯ್, ನಿಲ್ಸೋ," ಎಂದಳು ಅಮ್ಮ.

ಅವಳ ಕಣ್ಣು ಒಮ್ಮೆಲೇ ನಿಚ್ಚಳವಾಗಿತ್ತು. "ಬಿಳೀ ಬಟ್ಟೆ ಹಾಕ್ಕೊಂಡು ಯಾವನಾದ್ರೂ ಹಲಸಿನಹಣ್ಣು ಹೊರ್ತಾನೇನೋ? ಅಂಟು ಆದ್ರೆ ಒಗೆಯೋರ್ ಯಾರು, ನೀನಾ?"

"ನೀನೇ ಅಲ್ವೇನಮ್ಮ ಹಂಗ್ ಹೇಳ್ತಿದ್ದದ್ದು!"

"ನಾನ್ ಯಾವಾಗ್ ಹೇಳ್ದೆ? ಅಷ್ಟೊಂದು ಓದಿದೀಯ, ಸಭೇಲಿ ನಿಂತ್ಕೊಂಡು ಸುಳ್ಳು ಹೇಳೋಕೆ ನಾಚ್ಕೆ ಆಗಲ್ವಾ?"

ನಾನು ಸಹಾಯಕ್ಕಾಗಿ ಸುತ್ತಲೂ ನೋಡಿದೆ. ಈ ಕಥೆಯನ್ನು ವರ್ಷಗಟ್ಟಲೆ ಕೇಳಿದವರೆಲ್ಲ ಒಮ್ಮೆಗೇ ಹಾಡಿನ ಪುಸ್ತಕದಲ್ಲಿ ಮಗ್ನರಾಗಿದ್ದರು. ಪಾಸ್ಟರು ಏನೋ ಹೇಳಲು ಹೋಗಿ, ಬುದ್ಧಿವಂತಿಕೆಯಿಂದ, "ಆಮೆನ್" ಎಂದಷ್ಟೇ ಹೇಳಿದರು.

"ಸರಿ, ಹಾಗಾದ್ರೆ ಯಾರು ತಂದಿದ್ದು? ನೀನೇ ಹೇಳು," ಎಂದೆ ನಾನು, ನನ್ನ ಜೀವಮಾನದ ಸಂಶೋಧನೆಯನ್ನೆಲ್ಲ ಆ ಪ್ರಶ್ನೆಯಲ್ಲಿ ತುಂಬಿ.

"ಯಾರಾದ್ರೇನೋ? ಹಣ್ಣು ಬಂತಲ್ಲ."

ಬಾಗಿಲ ಕಡೆಯಿಂದ ಒಂದು ಸದ್ದು ಬಂತು. ಕೆಮ್ಮು ಅಂದುಕೊಂಡೆ. ಈರಣ್ಣ ಟವೆಲನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದ. ತಡೆಯಲು ನೋಡಿದಷ್ಟೂ ಅದು ಭುಜಕ್ಕೇರಿ, ಕುರ್ಚಿಯೇ ಕಿರುಗುಟ್ಟುತ್ತಿತ್ತು. ರೇಣುಕಾ ಅವನ ಕಡೆ ನೋಡಲೇ ಇಲ್ಲ. ನೋಡಿದರೆ ಎಲ್ಲಿ ನಿಂತುಹೋಗುತ್ತದೋ ಎಂಬಂತೆ ಫ್ಯಾನನ್ನು ದಿಟ್ಟಿಸುತ್ತಾ ಕೂತಿದ್ದಳು.

"ಅಜ್ಜಿ," ಎಂದ ಅವನು, ಉಸಿರು ಹತೋಟಿಗೆ ಬಂದ ಮೇಲೆ. "ಹಣ್ಣೇನೋ ತಿಂದ್ರಿ. ಆಮ್ಯಾಲ ನಿಮ್ಮ ಮನಿಯವ್ರಿಗೆ ಕೆಲಸ ಸಿಕ್ತೇನ್ರಿ?"

ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಸಾಕ್ಷಿ ಯಾವಾಗಲೂ ಹಣ್ಣಿಗೇ ಮುಗಿಯುತ್ತಿತ್ತು.

"ಎಲ್ಲಿ ಸಿಗುತ್ತಪ್ಪ," ಎಂದಳು ಅಮ್ಮ, ಕೂತುಕೊಳ್ಳುತ್ತಾ. "ಕ್ರಿಸ್ಮಸ್ ಕಳೆದ್ರೂ ಸಿಗ್ಲಿಲ್ಲ. ಅವ್ರು ನಿನ್ ತರಾನೇ ಗೋಡೆ ನೋಡ್ಕೊಂಡು ಕೂತಿರೋರು."

"ಮತ್ತ ನೀವೇನ್ ಮಾಡಿದ್ರಿ?"

"ಏನ್ ಮಾಡ್ಲಿ? ಬೆಳಿಗ್ಗೆ ಎದ್ದು ನೀರ್ ಹಿಡೀತಿದ್ದೆ. ಪ್ರಾರ್ಥನೆ ಮಾಡ್ತಿದ್ದೆ. ಒಂದೊಂದಿನ ಪ್ರಾರ್ಥನೆ ಅಲ್ಲ ಬಿಡು, ದೇವ್ರ ಜೊತೆ ಜಗಳಾನೇ. ಅವನು ಬೈಸ್ಕೊಂಡು ಸುಮ್ನಿರೋನು. ಎದ್ದು ಹೋಗ್ತಿರ್ಲಿಲ್ಲ, ಅಷ್ಟೇ ನಂಗೆ ಗೊತ್ತಿದ್ದದ್ದು. ಆಮೇಲೆ ನಾಕು ಮನೆ ಪಾತ್ರೆಗೆ ಹೋಗ್ತಿದ್ದೆ. ಹೋಗೋಕ್ ಮುಂಚೆ ಇವ್ರ ಮುಂದೆ ಆ ಮನೆಯವ್ರ ಬೆಳ್ಳುಳ್ಳಿ ಸುರಿದು, ಬಿಡಿಸ್ರೀ ಅಂತಿದ್ದೆ. ಬೈಕೊಂಡೇ ಬಿಡಿಸೋರು. ಆದ್ರೆ ಗೋಡೆ ನೋಡ್ಕೊಂಡು ಬೆಳ್ಳುಳ್ಳಿ ಬಿಡ್ಸೋಕಾಗಲ್ಲ ನೋಡು, ಕೈ ಕಡೆ ನೋಡ್ಲೇಬೇಕು."

ಯಾರೂ ಆಮೆನ್ ಅನ್ನಲಿಲ್ಲ. ಎಲ್ಲಿ ಅನ್ನಬೇಕೆಂದು ತಿಳಿಯಲಿಲ್ಲವೇನೋ. ಉಪ್ಪಿಟ್ಟು ಬಂತು. ಈರಣ್ಣ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬಲಗೈಯ ಟವೆಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡ. ಆಮೇಲೆ ಎಡಗೈಯಿಂದ ತಿಂದ. ಎಲ್ಲರೂ ಬೇರೆ ಕಡೆ ನೋಡಿ ಜೋರಾಗಿ ಟ್ರಾಫಿಕ್ಕಿನ ಬಗ್ಗೆ ಮಾತಾಡಿದರು. ಅಮ್ಮ ಒಬ್ಬಳೇ ನೆಟ್ಟ ಕಣ್ಣಿನಿಂದ ಅವನನ್ನು ನೋಡುತ್ತಾ, "ಇನ್ನೊಂಚೂರು ಹಾಕಮ್ಮ ಅವನಿಗೆ" ಎಂದಳು.

ಎಲ್ಲರೂ ಹೋದ ಮೇಲೆ ಅಕ್ಕನಿಗೆ ಫೋನ್ ಮಾಡಿದೆ. ಅಮ್ಮ ಮನೆಮನೆಯ ಪಾತ್ರೆ ತೊಳೆದದ್ದು ನೆನಪಿದೆಯಾ ಎಂದು ಕೇಳಿದೆ. ಎಲ್ಲವನ್ನೂ ನೆನಪಿಟ್ಟಿರುವ ಸರೋಜ, "ಇಲ್ಲ ಕಣೋ," ಎಂದಳು. ಹಸಿವಾದದ್ದು? "ಅದೂ ಇಲ್ಲ." ನನಗೂ ಇಲ್ಲ. ಬಾರದ ಲಾರಿಯ ಬಣ್ಣ, ಇಲ್ಲದ ಅಂಗಿಯ ಇಲ್ಲದ ಗುಂಡಿ ಎಲ್ಲ ನೆನಪಿದೆ. ಬೇಸಿಗೆಯಿಂದ ಕ್ರಿಸ್ಮಸ್ ದಾಟುವವರೆಗೆ ಮನೆಯಲ್ಲಿ ಸಂಬಳವೇ ಇಲ್ಲದಿದ್ದ ಕಾಲದ ಒಂದು ಹಸಿದ ರಾತ್ರಿಯೂ ನಮ್ಮಿಬ್ಬರ ತಲೆಯಲ್ಲಿ ಇಲ್ಲ. ನೆನಪು ಮೋಸಗಾರ ಎಂದು ನಾನು ವರ್ಷವರ್ಷವೂ ಪಾಠ ಹೇಳುತ್ತೇನೆ. ಆದರೆ ಇದು ನೆನಪಿನ ಮೋಸವಲ್ಲ. ಮಕ್ಕಳಿಗೆ ಹಸಿವೇ ನೆನಪಾಗದ ಹಾಗೆ ಯಾರೋ ನೋಡಿಕೊಂಡಿದ್ದರು. ಅಮ್ಮನನ್ನು ಕೇಳಿದರೆ ಅದಕ್ಕೂ ಕರ್ತನ ಹೆಸರನ್ನೇ ಹೇಳುತ್ತಾಳೆ. ಆ ಹೊತ್ತಿಗೆ ನಾನು ವಾದ ಮಾಡುವ ಸ್ಥಿತಿಯಲ್ಲಿರಲಿಲ್ಲ.

ಮುಂದಿನ ಬುಧವಾರ, ಕೂಟಕ್ಕೆ ಇನ್ನೂ ಬಹಳ ಹೊತ್ತಿರುವಾಗಲೇ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಈರಣ್ಣ ಒಬ್ಬನೇ ಬಂದಿದ್ದ; ರೇಣುಕಾ ಕೆಲಸದಿಂದ ಬಂದಿರಲಿಲ್ಲ. ಅಮ್ಮ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಗುರುತು ಹತ್ತಲಿಲ್ಲ.

"ಯಾರಪ್ಪ ನೀನು? ಹೊಸಬ್ನಾ?"

ಹೇಳಲು ನಾನು ಬಾಯಿ ತೆರೆದೆ. ಈರಣ್ಣ ಟವೆಲಿನೊಳಗಿನಿಂದ ಬಲಗೈ ತೆಗೆದು, ಉಳಿದ ಎರಡು ಬೆರಳುಗಳನ್ನೆತ್ತಿ, ಸುಮ್ಮನಿರಿ ಎಂದು ನನಗೆ ಸನ್ನೆ ಮಾಡಿದ.

"ಹೌದ್ರಿ ಅಜ್ಜಿ," ಎಂದ. "ಹೊಸಬ."

"ಕೂತ್ಕೋ ಹಂಗಾದ್ರೆ. ನಿನಗೊಂದು ಸಾಕ್ಷಿ ಹೇಳ್ತೀನಿ."

ಅವನು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಕೂತ.